ಬೇಟೆಯ .44 ರಿವಾಲ್ವರ್ ತುಂಬಾ ಒದೀತಿದೆ, ನಳಿಗೆಗೆ ಪೋರ್ಟ್ ಹಾಕಿಸೋದಾ ಬೇಡ್ವಾ?

ಹಾಡಿಗಾಳಿ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಇರೋದು ರೂಗರ್ ಸೂಪರ್ ಬ್ಲ್ಯಾಕ್‌ಹಾಕ್, .44 ಮ್ಯಾಗ್ನಮ್, 7.5 ಇಂಚು ನಳಿಗೆ, ಟ್ರಿಗರ್ ಗಾರ್ಡ್ ಹಿಂದೆ ಚೌಕಾಕಾರ ಇರೋದು. ಸ್ಕೋಪ್ ಇಲ್ಲ, ಕಂಪನಿಯಿಂದ ಬಂದ ಮರದ ಹಿಡಿಯೇ ಇನ್ನೂ ಇದೆ. ಲೈಸನ್ಸ್ ಮಾಡಿಸ್ಕೊಂಡು ಸೀಸನ್‌ನಲ್ಲಿ ಜಿಂಕೆಗೆ ಹೋಗೋದು, ಒಮ್ಮೊಮ್ಮೆ ಕಾಡುಹಂದಿಗೆ. ಹೊಡೆಯೋ ದೂರ 50 ಗಜದ ಒಳಗೇ ಇರುತ್ತೆ, ಬಹಳ ಅಂದ್ರೆ 70. ತೋಟೆ 240 ಗ್ರೇನ್ ಫುಲ್ ಮ್ಯಾಗ್ನಮ್, ಅಂಗಡಿಯಲ್ಲಿ ಸಿಗೋದೇ.

ಸಮಸ್ಯೆ ಏನು ಅಂದ್ರೆ ರೇಂಜ್‌ನಲ್ಲಿ ಮೊದಲ ಸಿಲಿಂಡರ್ ಚೆನ್ನಾಗೇ ಹೋಗುತ್ತೆ, ಎರಡನೇದು ಶುರು ಆಗ್ತಿದ್ದ ಹಾಗೆ ಗುಂಡುಗಳೆಲ್ಲ ಕೆಳಗೆ ಎಡಕ್ಕೆ ಚೆದುರೋಕೆ ಶುರು, ನಡುಬೆರಳಿನ ಗೆಣ್ಣಿಗೆ ಗಾರ್ಡ್ ಬಂದು ಬಡಿಯುತ್ತೆ, ಮಾರನೇ ದಿನ ಮಣಿಕಟ್ಟು ನೋವು. ಪ್ರಾಕ್ಟೀಸ್ ಮಾಡೋಕೇ ಮನಸ್ಸು ಬರ್ತಿಲ್ಲ, ಪ್ರಾಕ್ಟೀಸ್ ಇಲ್ದೆ ಪ್ರಾಣಿ ಮೇಲೆ ಗುರಿ ಇಡೋಕೆ ನನಗೆ ಧೈರ್ಯ ಇಲ್ಲ, ಗಾಯ ಆಗಿ ಓಡಿಹೋದ್ರೆ ಅದು ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತೆ, ಅದು ನನ್ನಿಂದ ಆಗಬಾರದು.

ಗನ್‌ಸ್ಮಿತ್ ಹೇಳೋದು ನಳಿಗೆ ತುದಿಯಲ್ಲಿ ಪೋರ್ಟ್ (ಗ್ಯಾಸ್ ಮೇಲಕ್ಕೆ ಹೋಗೋಕೆ ಸೀಳು) ಕೊರೆಸಿ ಬಿಡಿ ಅರ್ಧ ಸಮಸ್ಯೆ ಹೋಗುತ್ತೆ ಅಂತ. ಇನ್ನೊಂದು ದಾರಿ ತುದಿಗೆ ಥ್ರೆಡ್ ಹಾಕ್ಸಿ ಮಝಲ್ ಬ್ರೇಕ್ (ಗ್ಯಾಸನ್ನ ಪಕ್ಕಕ್ಕೆ ತಿರುಗಿಸೋ ತಿರುಪಿನ ಭಾಗ) ಕೂರಿಸೋದು. ಜೊತೆಗೆ ಬೇಟೆಗೆ ಬರೋ ಗೆಳೆಯ ಮಾತ್ರ ನಳಿಗೆ ಮುಟ್ಟಲೇಬೇಡ ಅಂತಾನೆ. ಕೊರೆದ ಮೇಲೆ ವಾಪಸ್ ಮುಚ್ಚೋಕೆ ಆಗಲ್ಲ ಅನ್ನೋದೇ ನನ್ನ ಚಿಂತೆ. ಮಾಡ್ಸಿದವರು, ಮಾಡ್ಸಿ ಬೇಜಾರಾದವರು ಇಬ್ರೂ ಹೇಳಿ ಪ್ಲೀಸ್.

ಗುರಿಗಾರ_44:

ಹಾಕಿಸಿ ಸಾರ್, ಯೋಚನೆ ಮಾಡಬೇಡಿ. ನನ್ನ ರಿವಾಲ್ವರ್‌ಗೆ ಮ್ಯಾಗ್-ನಾ-ಪೋರ್ಟ್ ಮಾಡ್ಸಿದೀನಿ, ಮುಂದಿನ ಸೈಟ್‌ನ ಎರಡೂ ಕಡೆ ಒಂದೊಂದು ಸೀಳು. ಡ್ರಿಲ್ ಹಾಕಿ ತೂತು ಹೊಡೆಯೋದಲ್ಲ, ಕರೆಂಟ್ ಕಿಡಿಯಲ್ಲಿ ಲೋಹ ಕರಗಿಸಿ ತೆಗಿಯೋದು, ಇಡಿಎಂ ಅಂತಾರೆ, ಒಳಗಡೆ ರೈಫ್ಲಿಂಗ್ (ಗುಂಡನ್ನ ತಿರುಗಿಸೋ ಸುರುಳಿ ಗೆರೆ) ಅಂಚಿನಲ್ಲಿ ಚೂರೂ ಮುಳ್ಳು ಉಳಿಯಲ್ಲ. ಗುರಿ ಕೆಟ್ಟಿಲ್ಲ, ಗುಂಡಿನ ವೇಗ ಕ್ರೋನೋಗ್ರಾಫ್‌ನಲ್ಲಿ ಗಮನಿಸೋ ಅಷ್ಟು ಇಳಿದಿಲ್ಲ. ಮುಂಚೆ ಈಡು ಹಾರಿದ ಕೂಡಲೇ ಮೂತಿ ಆಕಾಶ ನೋಡ್ತಿತ್ತು, ಈಗ ಬೇಗ ಗುರಿಗೆ ವಾಪಸ್ ಬರುತ್ತೆ. ಹಂದಿಗೆ ಎರಡನೇ ಈಡು ಬೇಕಾದಾಗ ಅದರ ಬೆಲೆ ಗೊತ್ತಾಗೋದು.

ಒಂದೇ ಮಾತು, ಈ ಕೆಲಸ ದಿನಾ ಮಾಡೋರ ಹತ್ರ ಮಾತ್ರ ಕೊಡಿ. ಮನೆ ಡ್ರಿಲ್‌ನಲ್ಲಿ ಮಾಡಿದ್ದು ನೋಡಿದೀನಿ, ಎರಡು ತೂತು ಒಂದೇ ಮಟ್ಟದಲ್ಲಿಲ್ಲ, ಒಳಗೆ ಮುಳ್ಳು ಎದ್ದು ಸೀಸ ಕೆರೆದು ಕೂರ್ತಿತ್ತು. ಆ ನಳಿಗೆ ಆಮೇಲೆ ಬದಲಾಯಿಸಲೇಬೇಕಾಯ್ತು.

ಮದ್ದುಲೆಕ್ಕ:

ಹಾಡಿಗಾಳಿ ಅವರೇ, ಮುಂದೆ ಹೋಗೋಕೆ ಮುಂಚೆ ಸ್ವಲ್ಪ ಲೆಕ್ಕ ನೋಡೋಣ, ಯಾಕಂದ್ರೆ ಪೋರ್ಟ್ ಆಗ್ಲಿ ಬ್ರೇಕ್ ಆಗ್ಲಿ ಎರಡೂ ಕೆಲಸ ಮಾಡೋದು ಗುಂಡಿನ ಹಿಂದೆ ಬರೋ ಗ್ಯಾಸ್ ಮೇಲೆ, ಗುಂಡಿನ ಮೇಲಲ್ಲ. ಗ್ಯಾಸ್ ಎಷ್ಟಿದೆಯೋ ಅಷ್ಟೇ ಅದಕ್ಕೆ ಶಕ್ತಿ.

ನಿಮ್ಮ ತೋಟೆ ತಗೊಳ್ಳಿ. ಗುಂಡು 240 ಗ್ರೇನ್ ಅಂದ್ರೆ 15.5 ಗ್ರಾಂ, ವೇಗ ಸೆಕೆಂಡಿಗೆ 1350 ಅಡಿ ಅಂದ್ರೆ 411 ಮೀಟರ್ ಹತ್ರ. ಮದ್ದು ಲೆಕ್ಕಕ್ಕೆ ಮಾತ್ರ 24 ಗ್ರೇನ್ ಅಂತ ಇಟ್ಕೊಳ್ಳಿ, 1.55 ಗ್ರಾಂ. ಹ್ಯಾಂಡ್‌ಗನ್‌ನಲ್ಲಿ ಗ್ಯಾಸ್ ಹೊರಗೆ ಬರೋ ವೇಗ ಗುಂಡಿನ ವೇಗದ ಒಂದೂವರೆ ಪಟ್ಟು ಅಂತ ಸಾಮಾನ್ಯವಾಗಿ ಹಿಡೀತಾರೆ. ಹಿಂದಕ್ಕೆ ಬರೋ ತಳ್ಳು (ಕೆಜಿಯಲ್ಲಿ ತೂಕ ಗುಣಿಸು ಸೆಕೆಂಡಿಗೆ ಮೀಟರ್ ವೇಗ) ಒಟ್ಟು 7.35 ಆದ್ರೆ ಅದರಲ್ಲಿ ಗುಂಡಿನ ಪಾಲು 6.39, ಗ್ಯಾಸ್ ಪಾಲು 0.96. ಅಂದ್ರೆ ನೂರಕ್ಕೆ 13 ಮಾತ್ರ ಗ್ಯಾಸ್‌ದು. ಮಿಕ್ಕ 87 ಗುಂಡು ಹೊರಟ ಕೂಡಲೇ ನಿಮ್ಮ ಕೈಗೆ ಬಂದೇ ಬರುತ್ತೆ, ಯಾವ ತೂತು ಹಾಕ್ಸಿದ್ರೂ.

ಸೂಪರ್ ಬ್ಲ್ಯಾಕ್‌ಹಾಕ್ ತೂಕ ಸುಮಾರು 1.36 ಕೆಜಿ. ಈ ತಳ್ಳಿಗೆ ಅದು ಸೆಕೆಂಡಿಗೆ 5.4 ಮೀಟರ್ ವೇಗದಲ್ಲಿ ಹಿಂದೆ ಬರುತ್ತೆ, ಎನರ್ಜಿ 19.8 ಜೂಲ್. ಈಗ ಅಷ್ಟೂ ಗ್ಯಾಸನ್ನ ಒಂದು ಹನಿ ಬಿಡದೆ ಪಕ್ಕಕ್ಕೆ ತಿರುಗಿಸಿದೀವಿ ಅಂದುಕೊಂಡ್ರೂ 15 ಜೂಲ್‌ಗೆ ಇಳಿಯುತ್ತೆ, ಅಂದ್ರೆ ಕಾಲು ಭಾಗ ಕಮ್ಮಿ. ನಿಜವಾದ ಎರಡು ಸೀಳು ಅಷ್ಟು ಗ್ಯಾಸ್ ಹಿಡಿಯೋಕೆ ಸಾಧ್ಯನೇ ಇಲ್ಲ, ಹಾಗಾಗಿ ಅರ್ಧ ಹೋಗುತ್ತೆ ಅನ್ನೋ ಮಾತನ್ನ ನಾನು ಒಪ್ಪಲ್ಲ.

ಇದೇ ಗನ್ ಮೇಲೆ ಸ್ಕೋಪ್ ಮೌಂಟ್ ಸೇರಿ 300 ಗ್ರಾಂ ಕೂರಿಸಿ, ಏನೂ ಕೊರೆಯದೆ 16.3 ಜೂಲ್‌ಗೆ ಬರುತ್ತೆ. ತೂಕ ಜಾಸ್ತಿ ಆದ್ರೆ ಎನರ್ಜಿ ನೇರವಾಗಿ ಕಮ್ಮಿ ಆಗುತ್ತೆ, ಅದಕ್ಕೇ ಸ್ಮಿತ್ ಅಂಡ್ ವೆಸ್ಸನ್ 2003ರಲ್ಲಿ .500 ಮ್ಯಾಗ್ನಮ್ ತಂದಾಗ ಉದ್ದ ನಳಿಗೆ ಗನ್‌ನ 2 ಕೆಜಿ ತೂಕಕ್ಕೆ ಮಾಡಿದ್ದು, ಬ್ರೇಕ್ ಇದ್ರೂ ತೂಕ ಬೇಕೇ ಬೇಕು ಅಂತ.

ಇನ್ನೂ ಒಂದಿದೆ. ಅದೇ 240 ಗ್ರೇನ್ ಗುಂಡನ್ನ 1000 ಅಡಿ ವೇಗದ ತೋಟೆಯಲ್ಲಿ ಹೊಡೆದ್ರೆ ಒದೆತ 9 ಜೂಲ್ ಆಸುಪಾಸು. ಅರ್ಧಕ್ಕಿಂತ ಕಮ್ಮಿ. ಯಾವ ಬ್ರೇಕೂ ಈ .44ನಲ್ಲಿ ಅದನ್ನ ಕೊಡಲ್ಲ.

ಗುರಿಗಾರ_44:

@ಮದ್ದುಲೆಕ್ಕ ಲೆಕ್ಕ ಸರಿ ಇರಬಹುದು ಸಾರ್ ಆದ್ರೆ ಕೈಗೆ ಗೊತ್ತಾಗೋದು ಬರೀ ಜೂಲ್ ಅಲ್ಲ. ಹಿಂದಕ್ಕೆ ತಳ್ಳೋದು ಬೇರೆ, ಮೂತಿ ಮೇಲಕ್ಕೆ ಎದ್ದು ಮಣಿಕಟ್ಟು ಮುರಿದ ಹಾಗೆ ತಿರುಗಿಸೋದು ಬೇರೆ. ಪೋರ್ಟ್ ಇರೋದು ಆ ಎರಡನೇದಕ್ಕೆ.

ಮದ್ದುಲೆಕ್ಕ:

ಅದು ಪೂರ್ತಿ ನಿಜ, ಅದನ್ನ ನಾನು ಮೊದಲೇ ಬರೀಬೇಕಿತ್ತು. ಮೇಲಕ್ಕೆ ಹೋಗೋ ಗ್ಯಾಸ್ ಸ್ವಲ್ಪನೇ ಆದ್ರೂ ಅದು ನಳಿಗೆಯನ್ನ ಕೆಳಕ್ಕೆ ಒತ್ತೋದು ತುದಿಯಲ್ಲಿ, ಕೈಯಿಂದ ದೂರ, ಹಾಗಾಗಿ ಮೂತಿ ಏಳೋದನ್ನ ತಡೆಯೋಕೆ ಸಣ್ಣ ಬಲವೂ ಸಾಕಾಗುತ್ತೆ. 7.5 ಇಂಚಿನ ನಳಿಗೆಯಲ್ಲಿ ಇದು ಚೆನ್ನಾಗೇ ಗೊತ್ತಾಗುತ್ತೆ. ಆದ್ರೆ ಹಾಡಿಗಾಳಿ ಅವರಿಗೆ ಗೆಣ್ಣು ನೋಯೋದು ಮೂತಿ ಏಳೋದ್ರಿಂದಲೋ ಹಿಂದೆ ತಳ್ಳೋದ್ರಿಂದಲೋ ಅಥವಾ ಹಿಡಿ ಸರಿ ಕೂರದೆ ಜಾರೋದ್ರಿಂದಲೋ, ಅದು ಗೊತ್ತಾಗದೆ ನಳಿಗೆ ಕೊರೆಸೋದು ತಪ್ಪು ಅನ್ನೋದು ನನ್ನ ವಾದ.

ಕಾಡುದಾರಿ:

ಇಷ್ಟು ಹೊತ್ತು ಕಿವಿ ವಿಷಯ ಯಾರೂ ಎತ್ತಲಿಲ್ಲ, ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ.

.44 ಮ್ಯಾಗ್ನಮ್ ಏನೂ ಮಾಡ್ಸದೇ ಇದ್ರೂ 160 ಡೆಸಿಬಲ್ ಸುತ್ತಮುತ್ತ ಸಿಡಿಯುತ್ತೆ. ಥಟ್ ಅಂತ ಬರೋ ಶಬ್ದಕ್ಕೆ 140 ಡೆಸಿಬಲ್ ದಾಟಿದ್ರೆ ಒಂದೇ ಸಲಕ್ಕೇ ಕಿವಿ ಹಾಳಾಗಬಹುದು. ಪೋರ್ಟ್, ಬ್ರೇಕ್ ಏನೇ ಹಾಕ್ಸಿದ್ರೂ ಮುಂದಕ್ಕೆ ಹೋಗಬೇಕಾದ ಸಿಡಿತ ಮೇಲಕ್ಕೆ, ಪಕ್ಕಕ್ಕೆ, ಕೆಲವು ಬ್ರೇಕ್‌ಗಳಲ್ಲಿ ಹಿಂದಕ್ಕೂ ಬರುತ್ತೆ, ನಿಮ್ಮ ಕಿವಿಗೂ ಪಕ್ಕದಲ್ಲಿ ಕೂತವರ ಕಿವಿಗೂ. ರೇಂಜ್‌ನಲ್ಲಿ ಎಲ್ಲರೂ ಮಫ್ ಹಾಕ್ತಾರೆ ಸರಿ, ಕಾಡಲ್ಲಿ? ಎಲೆ ಸರಸರ ಅನ್ನೋದು ಕೇಳಬೇಕು ಅಂತ ಕಿವಿ ಬಿಟ್ಕೊಂಡೇ ಕೂರೋರು ಬಹಳ ಜನ. ನನ್ನ ಜೊತೆ ಬೇಟೆಗೆ ಬರ್ತಿದ್ದ ಹಿರಿಯರೊಬ್ಬರಿಗೆ ಬಲಗಿವಿಯಲ್ಲಿ ಹಗಲೂ ರಾತ್ರಿ ಸಿಳ್ಳೆ ಹೊಡೆದ ಹಾಗೆ ಶಬ್ದ, ನಿದ್ದೆ ಬರಲ್ಲ ಅಂತಾರೆ, ಅದಕ್ಕೆ ಔಷಧಿ ಇಲ್ಲ. ಅದನ್ನ ಹತ್ತಿರದಿಂದ ನೋಡಿದ ಮೇಲೆ ನಾನಂತೂ ಬೇಟೆ ಗನ್‌ಗೆ ಬ್ರೇಕ್ ಹಾಕ್ಸು ಅಂತ ಯಾರಿಗೂ ಸುಲಭವಾಗಿ ಹೇಳಲ್ಲ.

ಹಾಕ್ಸೋದೇ ಆದ್ರೆ ಎಲೆಕ್ಟ್ರಾನಿಕ್ ಮಫ್ ತಗೊಳ್ಳಿ. ಸಣ್ಣ ಶಬ್ದ ದೊಡ್ಡದಾಗಿ ಕೇಳಿಸುತ್ತೆ, ಈಡಿನ ಶಬ್ದ ಬಂದಾಗ ಕಟ್ ಆಗುತ್ತೆ, ಕಾಡಲ್ಲಿ ಅದು ಇಲ್ಲದೆ ಇರೋದಕ್ಕಿಂತ ಚೆನ್ನಾಗಿ ಕೇಳುತ್ತೆ. ರೇಂಜ್‌ನಲ್ಲಿ ಒಳಗೆ ಪ್ಲಗ್, ಮೇಲೆ ಮಫ್ ಎರಡೂ. ಎರಡು ಹಾಕಿದ್ರೆ ತಡೆ ಡಬಲ್ ಆಗಲ್ಲ, ಎರಡರಲ್ಲಿ ಚೆನ್ನಾಗಿರೋದಕ್ಕಿಂತ 5 ಡೆಸಿಬಲ್ ಹೆಚ್ಚು ಸಿಗುತ್ತೆ ಅಷ್ಟೇ, ಆದ್ರೂ .44 ಮಟ್ಟದಲ್ಲಿ ಆ 5 ಬಿಡೋ ಹಾಗಿಲ್ಲ.

ಇನ್ನೂ ಎರಡು ವಿಷಯ. ಮುಸ್ಸಂಜೆ ಬೆಳಕಲ್ಲಿ ಮೇಲ್ಮುಖ ಪೋರ್ಟ್‌ನಿಂದ ಬರೋ ಬೆಂಕಿ ಸೈಟ್ ಮುಂದೇನೇ ಏಳುತ್ತೆ, ಕಣ್ಣು ಕತ್ತಲಾಗಿ ಪ್ರಾಣಿ ಯಾವ ಕಡೆ ಹೋಯ್ತು ಅನ್ನೋದು ತಪ್ಪಿಹೋಗುತ್ತೆ, ಜಿಂಕೆ ಬರೋದೇ ಆ ಹೊತ್ತಲ್ಲಿ. ಇನ್ನೊಂದು, ಮರದ ಕೊಂಬೆ ಅಥವಾ ಬ್ಲೈಂಡ್ (ಬೇಟೆಗೆ ಮರೆಯಾಗಿ ಕೂರೋ ಗೂಡು) ಕಿಟಕಿ ಮೇಲೆ ನಳಿಗೆ ಇಟ್ಟು ಹೊಡೆಯೋ ಅಭ್ಯಾಸ ಇದ್ರೆ ಪೋರ್ಟ್ ಇರೋ ಜಾಗ ನೆನಪಿರಲಿ. ಕೈಯಂತೂ ಪೋರ್ಟ್ ಹತ್ರ, ಸಿಲಿಂಡರ್ ಮುಂದಿನ ಸಂದಿ ಹತ್ರ ಯಾವತ್ತೂ ಹೋಗಬಾರದು, ಅಲ್ಲಿಂದ ಬರೋ ಗ್ಯಾಸ್ ಚರ್ಮ ಸೀಳುತ್ತೆ.

ಹಳೇಕೋವಿ:

ತಮ್ಮಾ, ಗುಂಡು ಕೆಳಗೆ ಎಡಕ್ಕೆ ಹೋಗ್ತಿದೆ ಅಂದ್ಯಲ್ಲ, ಬಲಗೈಯವನಾದ್ರೆ ಅದು ಒದೆತದ ಗುರುತಲ್ಲ, ಒದೆತಕ್ಕೆ ಹೆದರಿದ ಗುರುತು. ಒದೆತ ಮೇಲಕ್ಕೆ ಎಸೆಯೋದು, ಕೆಳಕ್ಕಲ್ಲ. ಈಡು ಹಾರೋ ಮೊದಲೇ ಕೈ ತಾನಾಗಿ ಮುಂದಕ್ಕೆ ಅದುಮುತ್ತೆ, ಫ್ಲಿಂಚ್ ಅಂತಾರಲ್ಲ ಅದು. ನೀನು ಹೆದರಿದೀಯ ಅಂತಲ್ಲ ಇದರ ಅರ್ಥ, ಗೆಣ್ಣಿಗೆ ಪೆಟ್ಟು ಬಿದ್ದಿರೋದು ಮೈಗೆ ನೆನಪಿರುತ್ತೆ, ಮನಸ್ಸು ಬೇಡ ಅಂದ್ರೂ ಕೈ ಕೇಳಲ್ಲ.

ಗೆಳೆಯನಿಗೆ ಗನ್ ಕೊಟ್ಟು ಸಿಲಿಂಡರ್‌ನಲ್ಲಿ ಕೆಲವು ನಿಜವಾದ ತೋಟೆ, ಕೆಲವು ಹಾರಿಸಿದ ಖಾಲಿ ತೋಟೆ ಕಲಸಿ ತುಂಬಿಸು, ಯಾವುದು ಎಲ್ಲಿದೆ ಅಂತ ನಿನಗೆ ಗೊತ್ತಿರಬಾರದು. ಹೊಡೀತಾ ಹೋಗು. ಖಾಲಿ ಬಂದಾಗ ಮೂತಿ ಅಲುಗದೆ ನಿಂತ್ರೆ ನಿನಗೆ ಫ್ಲಿಂಚ್ ಇಲ್ಲ. ಮೂತಿ ಕೆಳಕ್ಕೆ ಧುಮುಕಿದ್ರೆ, ಬ್ರೇಕ್ ಹಾಕ್ಸಿದ್ರೂ ಪೋರ್ಟ್ ಹಾಕ್ಸಿದ್ರೂ, ಮೊದಲು ಕೈಗೆ ಅದನ್ನ ಮರೆಸೋ ತನಕ ಗುರಿ ಸರಿ ಹೋಗಲ್ಲ. ಬ್ರೇಕ್ ಹಾಕ್ಸಿ ಶಬ್ದ ಹೆಚ್ಚಾದ್ರೆ ಫ್ಲಿಂಚ್ ಇನ್ನೂ ಜಾಸ್ತಿ ಆಗೋರೂ ಇದಾರೆ, ಯಾಕಂದ್ರೆ ಅರ್ಧ ಜನ ಬೆಚ್ಚೋದು ಒದೆತಕ್ಕಲ್ಲ, ಶಬ್ದಕ್ಕೆ.

ಮರೆಸೋದು ಹೇಗೆ ಅಂದ್ರೆ .22ನಲ್ಲಿ ಬಹಳ ಹೊಡೆಯೋದು, .44ನಲ್ಲಿ ಸ್ಪೆಷಲ್ ತೋಟೆ ಹಾಕಿ ಹೊಡೆಯೋದು (.44 ಸ್ಪೆಷಲ್ ಅಂದ್ರೆ ಮ್ಯಾಗ್ನಮ್‌ಗಿಂತ ಗಿಡ್ಡ, ಒದೆತ ಕಮ್ಮಿ ಇರೋ ತೋಟೆ, ಅದೇ ಚೇಂಬರ್‌ಗೆ ಹೋಗುತ್ತೆ, ಆಮೇಲೆ ಚೇಂಬರ್ ಮುಂದುಗಡೆ ಕೂತ ಮಸಿ ಉಜ್ಜಿ ತೆಗಿ, ಇಲ್ಲಾಂದ್ರೆ ಉದ್ದ ತೋಟೆ ಬಿಗಿಯಾಗುತ್ತೆ), ಕೊನೆಗೆ ಕೆಲವೇ ಕೆಲವು ಫುಲ್ ಲೋಡ್. ನೋವು ಶುರು ಆಗೋ ಮುಂಚೆ ನಿಲ್ಲಿಸು. ಒಂದೇ ದಿನ ಪೆಟ್ಟಿಗೆ ಖಾಲಿ ಮಾಡೋದು ಪ್ರಾಕ್ಟೀಸ್ ಅಲ್ಲ, ಕೈಗೆ ಹೆದರಿಕೆ ಕಲಿಸೋದು.

ಇನ್ನು ಗೆಣ್ಣು. ಸಿಂಗಲ್ ಆಕ್ಷನ್ (ನಿನ್ನದರ ಹಾಗೆ ಪ್ರತಿ ಈಡಿಗೂ ಹ್ಯಾಮರ್ ಕೈಯಲ್ಲೇ ಎಳೆಯೋ ಗನ್) ಹಿಡಿ ನೇಗಿಲ ಮೇಳಿ ಥರ ಬಾಗಿರೋದು ಬೇಕು ಅಂತಲೇ, ಒದೆತ ಬಂದಾಗ ಹಿಡಿ ಅಂಗೈಯಲ್ಲಿ ಮೇಲಕ್ಕೆ ಉರುಳಬೇಕು, ಆಗ ಪೆಟ್ಟು ಹಂಚಿಹೋಗುತ್ತೆ. ಆ ಚೌಕ ಗಾರ್ಡ್ ಇರೋ ಮಾಡೆಲ್‌ನಲ್ಲಿ ಕೈ ಮೇಲಕ್ಕೆ ಹತ್ತಿಸಿ ಗಟ್ಟಿಯಾಗಿ ಹಿಡಿದ್ರೆ ಗಾರ್ಡ್ ನೇರ ನಡುಬೆರಳ ಮೇಲೆ. ಕಿರುಬೆರಳನ್ನ ಹಿಡಿಯ ಅಡಿಗೆ ಮಡಚಿ ಕೈ ಒಂಚೂರು ಕೆಳಗೆ ಇಟ್ಟು ನೋಡು. ಅದು ಸರಿ ಬರದಿದ್ರೆ ಗಾರ್ಡ್ ಹಿಂದಿನ ಸಂದಿ ತುಂಬೋ ರಬ್ಬರ್ ಹಿಡಿ ಹಾಕು, ಪಾಕ್‌ಮೇಯರ್ ಕಂಪನಿಯದ್ದಾಗ್ಲಿ ಹೋಗ್ ಕಂಪನಿಯದ್ದಾಗ್ಲಿ. ಸ್ಕ್ರೂ ಬಿಚ್ಚಿ ಹಾಕೋದು, ಬೇಡ ಅನಿಸಿದ್ರೆ ಮರದ್ದು ವಾಪಸ್.

ಹಾಡಿಗಾಳಿ:

ಎಲ್ಲರಿಗೂ ಥ್ಯಾಂಕ್ಸ್. ಹಳೇಕೋವಿ ಅಣ್ಣ ಹೇಳಿದ ಹಾಗೆ ಗೆಳೆಯನ ಕೈಯಲ್ಲಿ ತುಂಬಿಸಿ ಮಾಡಿ ನೋಡಿದೆ. ಖಾಲಿ ತೋಟೆ ಬಂದಾಗೆಲ್ಲ ಮೂತಿ ಕೆಳಕ್ಕೆ ಧುಮುಕ್ತಿತ್ತು, ಗೆಳೆಯ ಫೋನಲ್ಲಿ ವಿಡಿಯೋ ಮಾಡಿದಾನೆ, ನೋಡಿದ್ರೆ ನಂಬೋಕೇ ಆಗ್ಲಿಲ್ಲ, ನನ್ನ ಕೈ ಅಷ್ಟು ಕುಲುಕ್ತಿದೆ ಅಂತ ನನಗೆ ಗೊತ್ತೇ ಆಗಿರ್ಲಿಲ್ಲ. ಅದೇ ದಿನ ಸ್ಪೆಷಲ್ ತೋಟೆ ಹಾಕಿದ್ದಕ್ಕೆ ಗುಂಡೆಲ್ಲ ಅಂಗೈ ಅಗಲದಲ್ಲಿ ಕೂತ್ವು. ಹಾಗಾದ್ರೆ ಗನ್‌ನಲ್ಲಿ ತೊಂದ್ರೆ ಇಲ್ಲ.

ಕೈ ಕೆಳಗೆ ಇಟ್ಟು ನೋಡಿದೆ, ಗೆಣ್ಣಿಗೆ ಬೀಳೋದು ಕಮ್ಮಿ ಆಯ್ತು, ಪೂರ್ತಿ ಹೋಗ್ಲಿಲ್ಲ. ಆದ್ರೆ ಈಗ ಇನ್ನೊಂದು ತಲೆನೋವು, ಮದ್ದುಲೆಕ್ಕ ಅವರು ಹೇಳಿದ 1000 ಅಡಿ ಲೋಡ್ ಜಿಂಕೆಗೆ ಸಾಕಾ? ಸಾಕು ಅಂದ್ರೆ ಈ ಪೋರ್ಟ್ ಗೊಡವೆಯೇ ಬೇಡ ಅನಿಸ್ತಿದೆ.

ಒಂಟಿಈಡು:

ನಡುವೆ ಬಾಯಿ ಹಾಕ್ತೀನಿ, ಬ್ರೇಕ್ ಅಂದ್ರೇನೇ ಕೆಟ್ಟದ್ದು ಅನ್ನೋ ಹಾಗೆ ಚರ್ಚೆ ಹೋಗ್ತಿದೆ, ಅದು ಗನ್ ಮೇಲೆ ಹೋಗುತ್ತೆ. ನಾನು ಬೇಟೆಗೆ ಒಯ್ಯೋದು ಥಾಂಪ್ಸನ್ ಸೆಂಟರ್ ಎನ್‌ಕೋರ್, ಒಂದೇ ಗುಂಡಿನದು, 15 ಇಂಚು ನಳಿಗೆ, .308 ವಿಂಚೆಸ್ಟರ್. ರೈಫಲ್ ತೋಟೆ, ಮದ್ದು 45 ಗ್ರೇನ್ ಹತ್ರ, ಗುಂಡು 150 ಗ್ರೇನ್. ಮದ್ದುಲೆಕ್ಕ ಅವರ ದಾರಿಯಲ್ಲೇ ಲೆಕ್ಕ ಹಾಕಿ, ರೈಫಲ್ ತೋಟೆಗೆ ಗ್ಯಾಸ್ ವೇಗ ಒಂದೂಮುಕ್ಕಾಲು ಪಟ್ಟು ಹಿಡಿದ್ರೆ ಒಟ್ಟು ಒದೆತದ ಮೂರನೇ ಒಂದು ಭಾಗ ಗ್ಯಾಸ್‌ದೇ. ಅಷ್ಟು ಗ್ಯಾಸ್ ಇರೋ ಕಡೆ ಬ್ರೇಕ್ ನಿಜವಾಗ್ಲೂ ಕೆಲಸ ಮಾಡುತ್ತೆ, ಬ್ರೇಕ್ ಬಿಚ್ಚಿ ಹೊಡೆದ್ರೆ ಬೇರೆ ಗನ್ನೇ ಅನ್ಸುತ್ತೆ. ಇಂಥ ಗನ್‌ಗೆ ಹಾಕ್ಸಬೇಡಿ ಅಂತ ನಾನು ಹೇಳೋಕೆ ಸಾಧ್ಯನೇ ಇಲ್ಲ. .454 ಕಸುಲ್, .460 ಥರದ ದೊಡ್ಡ ರಿವಾಲ್ವರ್ ತೋಟೆಗೂ ಮದ್ದು ಜಾಸ್ತಿ, ಅಲ್ಲೂ ಪ್ರಯೋಜನ ಕಾಣುತ್ತೆ.

ನಿಮ್ಮ .44ಗೆ ನಾನೂ ಬೇಡ ಅಂತಲೇ ಹೇಳೋದು. ಥ್ರೆಡ್ ಹಾಕ್ಸಬೇಕು ಅಂದ್ರೆ ಮುಂದಿನ ಸೈಟ್ ಅಡ್ಡ ಬರುತ್ತೆ, ಉದ್ದ ಹೆಚ್ಚಾಗಿ ಹೋಲ್‌ಸ್ಟರ್ ಹಿಡಿಯಲ್ಲ, ಮೂತಿಯ ಕ್ರೌನ್ (ಗುಂಡು ಹೊರಬೀಳೋ ಅಂಚು) ಹೊಸದಾಗಿ ಕತ್ತರಿಸಬೇಕಾಗುತ್ತೆ, ಅದು ಒಂಚೂರು ಸೊಟ್ಟ ಆದ್ರೂ ಗುರಿ ಹೋಯ್ತು. ಜೊತೆಗೆ ಥ್ರೆಡ್ ಇರೋ ಹ್ಯಾಂಡ್‌ಗನ್ ನಳಿಗೆ ಬಗ್ಗೆ ಕೆಲವು ಕಡೆ ಕಾನೂನೇ ಬೇರೆ. ನೀವಿರೋ ಕಡೆ ಏನಿದೆ ನೋಡದೆ ಕೈ ಹಾಕಬೇಡಿ.

ಮದ್ದುಲೆಕ್ಕ:

@ಹಾಡಿಗಾಳಿ ಸಾಕಾ ಅನ್ನೋದು ಗುಂಡಿನ ಮೇಲೆ ಹೋಗುತ್ತೆ. 240-250 ಗ್ರೇನ್ ಗಟ್ಟಿ ಸೀಸದ ಎರಕದ ಗುಂಡು, ಮುಂದೆ ಅಗಲ ಚಪ್ಪಟೆ ಇರೋದು, 1000 ಅಡಿಯಲ್ಲಿ ಪಕ್ಕಕ್ಕೆ ನಿಂತ ಜಿಂಕೆಯ ಎದೆಯಲ್ಲಿ ಈ ಕಡೆಯಿಂದ ಆ ಕಡೆಗೆ ದಾಟಿಹೋಗುತ್ತೆ, ನೀವು ಹೇಳಿದ 50 ಗಜದೊಳಗೆ ಚಿಂತೆ ಇಲ್ಲ. ಅದು ಹಿಗ್ಗೋದನ್ನ ನಂಬಿಲ್ಲ, ತನ್ನ ಅಗಲ ಮತ್ತು ತೂಕವನ್ನ ನಂಬಿರೋದು. ಅದೇ ಹಾಲೋ ಪಾಯಿಂಟ್ (ತುದಿಯಲ್ಲಿ ಗುಳಿ ಇರೋ ಗುಂಡು) ಆದ್ರೆ ಹುಷಾರು, 1300ಕ್ಕೆ ಹಿಗ್ಗೋ ಹಾಗೆ ಮಾಡಿದ ಗುಂಡು 1000ದಲ್ಲಿ ಹಿಗ್ಗದೇ ಹೋಗಬಹುದು. ದೊಡ್ಡ ಹಂದಿಗೆ, ಅದೂ ಓರೆಯಾಗಿ ನಿಂತಿದ್ರೆ, ನಾನಾದ್ರೆ ಇನ್ನೂ ಸ್ವಲ್ಪ ವೇಗ ಇರೋದೇ ಒಯ್ತೀನಿ.

ಕಾನೂನು ಇಲ್ಲೂ ನೋಡ್ಕೊಳ್ಳಿ. ಕೆಲವು ಕಡೆ ಬೇಟೆಗೆ ಹ್ಯಾಂಡ್‌ಗನ್‌ನ ಕನಿಷ್ಠ ಎನರ್ಜಿ ಇಷ್ಟಿರಬೇಕು ಅಂತ ಬರೆದಿರುತ್ತೆ. ನಿಮ್ಮ ಈಗಿನ ತೋಟೆ ಮೂತಿಯಲ್ಲಿ ಸುಮಾರು 970 ಫುಟ್ ಪೌಂಡ್, 1000 ಅಡಿಯದ್ದು 533. ಆ ಗೆರೆ ಎಲ್ಲಿದೆ ಅನ್ನೋದ್ರ ಮೇಲೆ ಈ ಲೋಡ್ ನಿಮಗೆ ಆಗುತ್ತೋ ಇಲ್ವೋ ತೀರ್ಮಾನ ಆಗೋದು.

ತೋಟೆ ನೀವೇ ತುಂಬೋರಾದ್ರೆ ಇದನ್ನ ಎರಡು ಸಲ ಓದಿ. ಫುಲ್ ಮ್ಯಾಗ್ನಮ್‌ಗೆ ಹಾಕೋ ನಿಧಾನ ಉರಿಯೋ ಎಚ್110, ಡಬ್ಲ್ಯೂ296 ಥರದ ಮದ್ದನ್ನ ಒದೆತ ಕಮ್ಮಿ ಮಾಡೋಕೆ ಅಂತ ಇಳಿಸೋ ಹಾಗಿಲ್ಲ, ಕಮ್ಮಿ ಹಾಕಿದ್ರೆ ಸರಿಯಾಗಿ ಹೊತ್ತದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು, ಅದು ಗೊತ್ತಾಗದೆ ಮುಂದಿನ ಈಡು ಹೊಡೆದ್ರೆ ನಳಿಗೆ ಸಿಡಿಯುತ್ತೆ. ಮಧ್ಯಮ ಲೋಡ್‌ಗೆ ಬೇರೆ ಮದ್ದು ಇದೆ, ಮದ್ದು ತಯಾರಿಸೋರ ಮ್ಯಾನ್ಯುಅಲ್‌ನಲ್ಲಿ ಬರೆದಿರೋ ಲೋಡ್ ಮಾತ್ರ. ಇಂಟರ್ನೆಟ್‌ನಲ್ಲಿ ಯಾರೋ ಹೇಳಿದ ಅಳತೆ ಬೇಡ, ನಾನು ಹೇಳಿದ್ರೂ ಬೇಡ.

ಕ್ರಿಂಪ್ (ಗುಂಡು ಹಿಡಿಯೋ ಹಾಗೆ ತೋಟೆ ಬಾಯಿ ಒತ್ತೋದು) ಕೂಡ ಗಟ್ಟಿ ಇರಲಿ. ಒದೆತಕ್ಕೆ ಪಕ್ಕದ ಚೇಂಬರ್‌ನಲ್ಲಿರೋ ಗುಂಡು ತೋಟೆಯಿಂದ ಮುಂದಕ್ಕೆ ಜರುಗಿ ಬಂದು ಸಿಲಿಂಡರ್ ತಿರುಗದ ಹಾಗೆ ಆಗೋದುಂಟು.

ಗುರಿಗಾರ_44:

ಎರಕದ ಗುಂಡು ಹೊಡೆಯೋದಾದ್ರೆ ಪೋರ್ಟ್ ಬೇಡ ಅಂತ ನಾನೇ ಹೇಳ್ತೀನಿ. ಸೀಸ, ಗುಂಡಿಗೆ ಸವರಿದ ಲ್ಯೂಬ್ (ಜಿಡ್ಡು) ಎಲ್ಲ ಸೀಳಿನ ಅಂಚಲ್ಲಿ ಕಟ್ಕೊಳ್ಳುತ್ತೆ, ಮುಂದಿನ ಸೈಟ್ ಮೇಲೆ ಬೂದಿ ಕೂರುತ್ತೆ, ಪ್ರತಿ ಸಲ ಬಿಡಿಸಿ ತೆಗೆಯೋ ಕೆಲಸ. ಜ್ಯಾಕೆಟ್ (ಸೀಸದ ಮೇಲೆ ತಾಮ್ರದ ಹೊದಿಕೆ) ಇರೋ ಗುಂಡು ಹೊಡೆಯೋ ನನಗೆ ಆ ತೊಂದ್ರೆ ಕಮ್ಮಿ. ಮತ್ತೆ ಲೋಡ್ ಇಳಿಸಿದಷ್ಟೂ ಗ್ಯಾಸ್ ಕಮ್ಮಿ ಆಗುತ್ತೆ, ಪೋರ್ಟ್‌ಗೆ ಕೆಲಸವೇ ಇರಲ್ಲ. ಪೋರ್ಟ್ ಬೇಕಾಗೋದು ಫುಲ್ ಲೋಡ್ ಬಿಡಲ್ಲ, ಎರಡನೇ ಈಡು ಬೇಗ ಬೇಕು ಅನ್ನೋರಿಗೆ. ನನ್ನ ಬೇಟೆ ಹೆಚ್ಚಾಗಿ ಹಂದಿ, ಗುಂಪಲ್ಲಿ ನುಗ್ಗಿ ಬರುತ್ತೆ, ಅದಕ್ಕೇ ನನಗೆ ಅದು ಸರಿಹೋಗಿದ್ದು. ಜಿಂಕೆಗೆ ಕೂತು ಕಾದು ಒಂದೇ ಈಡು ಹೊಡೆಯೋ ನಿಮಗೆ ಲೆಕ್ಕ ಬೇರೆ ಅನ್ನೋದು ಒಪ್ತೀನಿ.

ಹಳೇಕೋವಿ:

ಸರಿಯಾಗಿ ಹೇಳ್ದೆ ಗುರಿಗಾರ.

ಹಾಡಿಗಾಳಿ, ಮಣಿಕಟ್ಟು ನೋವನ್ನ ಮಾತ್ರ ಹಗುರ ಮಾಡಬೇಡ. ಬೆರಳು ಜೋಮು ಹಿಡಿಯೋದು, ಹೆಬ್ಬೆರಳ ಬುಡದಲ್ಲಿ ಚುಚ್ಚೋದು ಇದ್ರೆ ಹೊಡೆಯೋದು ನಿಲ್ಲಿಸಿ ಡಾಕ್ಟರ್ ಹತ್ರ ಹೋಗು, ಕೈ ನರದ ತೊಂದ್ರೆ ಇಟ್ಕೊಂಡು ಮೇಲೆ ಮೇಲೆ ಪೆಟ್ಟು ತಿನ್ನಿಸಿದ್ರೆ ಗನ್ ಇರಲಿ ಪೆನ್ನು ಹಿಡಿಯೋದೂ ಕಷ್ಟ ಆಗುತ್ತೆ.

ರಬ್ಬರ್ ಹಿಡಿಯಲ್ಲೂ ಗೆಣ್ಣು ತಪ್ಪದಿದ್ರೆ ಬಿಸ್ಲಿ ಹಿಡಿಗೆ ಬದಲಾಯಿಸಬಹುದು. ಅದು ಉದ್ದ, ಹೆಚ್ಚು ನೆಟ್ಟಗೆ, ಗಾರ್ಡ್ ಹಿಂದೆ ಬೆರಳಿಗೆ ಜಾಗ ಜಾಸ್ತಿ, ಕೈಯಲ್ಲಿ ಉರುಳೋ ಬದಲು ನೇರ ಹಿಂದಕ್ಕೆ ತಳ್ಳುತ್ತೆ. ಬರೀ ಹಿಡಿ ಬದಲಾಯಿಸಿದ್ರೆ ಆಗಲ್ಲ, ಬಿಸ್ಲಿಯ ಹ್ಯಾಮರ್, ಟ್ರಿಗರ್ ಕೂಡ ಬೇಕು, ಕೂರಿಸೋದು ತಿಳಿದವರ ಕೆಲಸ. ಆದ್ರೆ ಹಳೇ ಭಾಗ ಎಲ್ಲ ಡಬ್ಬಿಯಲ್ಲಿ ಎತ್ತಿಟ್ಟಿದ್ರೆ ಯಾವತ್ತು ಬೇಕಾದ್ರೂ ಮೊದಲಿನ ಹಾಗೆ ಮಾಡಬಹುದು. ನನಗೆ ಭಾರೀ ಲೋಡ್‌ಗೆ ಇದಕ್ಕಿಂತ ಒಳ್ಳೇ ಹಿಡಿ ಸಿಕ್ಕಿಲ್ಲ. ಕೆಲವರಿಗೆ ಆಗಲ್ಲ, ಅಂಗೈ ಗಾತ್ರ ನೋಡ್ಕೋಬೇಕು, ಯಾರದ್ದಾದ್ರೂ ಗನ್ ಹಿಡಿದು ನೋಡದೆ ದುಡ್ಡು ಹಾಕಬೇಡ.

ಹಾಡಿಗಾಳಿ:

ಹಾಗಾದ್ರೆ ನಳಿಗೆ ಮುಟ್ಟಲ್ಲ. ರಬ್ಬರ್ ಹಿಡಿ ತರಿಸ್ತೀನಿ, ಮುಂದಿನ ಸೀಸನ್ ತನಕ ಸ್ಪೆಷಲ್ ಮತ್ತೆ .22ನಲ್ಲೇ ಕೈ ಪಳಗಿಸ್ತೀನಿ, ಮಣಿಕಟ್ಟು ತೋರಿಸ್ಕೊಂಡು ಬರ್ತೀನಿ. ನಮ್ಮಲ್ಲಿ ಕನಿಷ್ಠ ಎನರ್ಜಿ ನಿಯಮ ಓದಿದೆ, 1000 ಅಡಿ ಲೋಡ್‌ಗೆ ಅಡ್ಡಿ ಇಲ್ಲ. ಸ್ಕೋಪ್ ಬಗ್ಗೆ ಇನ್ನೂ ತೀರ್ಮಾನ ಮಾಡಿಲ್ಲ, 50 ಗಜಕ್ಕೆ ಕಬ್ಬಿಣದ ಸೈಟ್ ಸಾಕು ಅನಿಸುತ್ತೆ, ಆದ್ರೆ ತೂಕದ ಲೆಕ್ಕ ನೋಡಿದ್ರೆ ಆಸೆ ಆಗ್ತಿದೆ. ಮತ್ತೆ ಲೋಡ್ ಬದಲಾಯಿಸಿದ್ರೆ ಸೈಟ್ ಬದಲಾಯಿಸಬೇಕಾ? ಸ್ಪೆಷಲ್ ಹೊಡೆದಾಗ ಗುಂಡು ಒಟ್ಟಿಗೇ ಕೂತ್ರೂ ಮ್ಯಾಗ್ನಮ್ ಬೀಳೋ ಜಾಗದಲ್ಲಿ ಬಿದ್ದಿರ್ಲಿಲ್ಲ.

ಒಂಟಿಈಡು:

ಬದಲಾಯಿಸಲೇಬೇಕು. ಹ್ಯಾಂಡ್‌ಗನ್‌ನಲ್ಲಿ ಗುಂಡು ನಳಿಗೆ ಬಿಡೋ ಮುಂಚೆನೇ ಮೂತಿ ಏಳೋಕೆ ಶುರು ಆಗಿರುತ್ತೆ. ನಿಧಾನ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುತ್ತೆ, ಹಾಗಾಗಿ ಹತ್ತಿರದ ದೂರದಲ್ಲಿ ಅದೇ ತೂಕದ ನಿಧಾನ ಗುಂಡು ಸಾಮಾನ್ಯವಾಗಿ ಬೇರೆ ಎತ್ತರಕ್ಕೆ ಬೀಳುತ್ತೆ, ಎಷ್ಟು ಅನ್ನೋದು ನಿಮ್ಮ ಹಿಡಿತದ ಮೇಲೂ ಹೋಗುತ್ತೆ. ಹಿಡಿ ಬದಲಾಯಿಸಿದ್ರೂ ಜಾಗ ಬದಲಾಗುತ್ತೆ. ಅದಕ್ಕೆ ಮೊದಲು ಹಿಡಿ ಹಾಕಿ, ಆಮೇಲೆ ಬೇಟೆಗೆ ಒಯ್ಯೋ ಲೋಡ್ ಯಾವುದು ಅಂತ ಗಟ್ಟಿ ಮಾಡಿ, ಕೊನೆಗೆ ಸೈಟ್ ತಿರುಗಿಸಿ. ಸೂಪರ್ ಬ್ಲ್ಯಾಕ್‌ಹಾಕ್‌ನ ಹಿಂದಿನ ಸೈಟ್ ಸ್ಕ್ರೂಡ್ರೈವರ್‌ನಲ್ಲಿ ತಿರುಗುತ್ತೆ, ಕಷ್ಟ ಇಲ್ಲ.

ಸೈಟ್ ಮಾಡುವಾಗ ಬೆಂಚ್ ಮೇಲೆ ನಳಿಗೆಯನ್ನ ಗಟ್ಟಿ ವಸ್ತು ಮೇಲೆ ಇಡಬೇಡಿ, ಪುಟಿದು ಗುಂಡು ಎತ್ತರಕ್ಕೆ ಹೋಗುತ್ತೆ. ಮರಳುಚೀಲದ ಮೇಲೆ ಮಣಿಕಟ್ಟು ಇಟ್ಟು, ಕಾಡಲ್ಲಿ ಹಿಡಿಯೋ ಹಾಗೇ ಹಿಡಿದು ಹೊಡೀರಿ. ಆಮೇಲೆ ಬೆಂಚ್ ಬಿಟ್ಟು ಕಡ್ಡಿ ಊರಿಕೊಂಡು, ಮರಕ್ಕೆ ಒರಗಿಕೊಂಡು ಹೊಡೆದು ನೋಡಿ, ಎಷ್ಟು ಗಜದ ತನಕ ಎಲ್ಲಾ ಗುಂಡೂ 8 ಇಂಚಿನ ತಟ್ಟೆಯೊಳಗೆ ಬೀಳುತ್ತೋ ಅಲ್ಲಿಗೇ ನಿಮ್ಮ ಬೇಟೆ ದೂರ. ಫ್ಲಿಂಚ್ ಪೂರ್ತಿ ಹೋಗೋ ತನಕ ಅದು 30 ಗಜ ಅಂತ ಬಂದ್ರೆ 30 ಗಜಕ್ಕೇ ಕೂರಿ.

ಹಾಡಿಗಾಳಿ:

ಸರಿ ಸಾರ್, ಹಿಡಿ ಬಂದ ಮೇಲೆ ಮತ್ತೆ ಖಾಲಿ ತೋಟೆ ಕಲಸಿ ಹೊಡೆದು ವಿಡಿಯೋ ಹಾಕ್ತೀನಿ, ಹಳೇಕೋವಿ ಅಣ್ಣ ನೀವು ನೋಡಿ ಕೈ ಹಿಡಿತ ಸರಿ ಇದೆಯಾ ಹೇಳಬೇಕು.